ಫಿಟ್ಸ್ ಬಂದ ಹುಡುಗನನ್ನು ನಿಮ್ಹಾನ್ಸಿಗೆ ಏಕೆ ಕಳಿಸಿದರು?

ಪ್ರಶ್ನೆ: ನಮ್ಮದು ಮಳವಳ್ಳಿ ಕಡೆಯ ಹಳ್ಳಿ. ನಮ್ಮ ಅಣ್ಣನ ಮಗನಿಗೆ 11 ವರ್ಷ. ತಲೆಗೆ ನೀರು ಹಾಕುವಾಗ ಎರಡು ಮೂರು ಸಲ ಹುಡುಗ ಇದ್ದಕ್ಕಿದ್ದ ಹಾಗೆ ಒಂದೇ ಕಡೆ ದಿಟ್ಟಿಸುತ್ತಾ, ಬಾಯಿ ಚಪ್ಪರಿಸುತ್ತಾ, ಕರೆದರೂ ಓಗೊಡದೆ ಕೂತುಬಿಟ್ಟ. ಕಳೆದ ತಿಂಗಳು ಬಚ್ಚಲಲ್ಲೇ ಬಿದ್ದ, ಕೈಕಾಲು ಸೆಟೆದುಕೊಂಡವು. ತಾಲ್ಲೂಕು ಆಸ್ಪತ್ರೆಯ ಡಾಕ್ಟರು ನಿಮ್ಹಾನ್ಸಿಗೆ ಚೀಟಿ ಬರೆದುಕೊಟ್ಟಿದ್ದಾರೆ. ‘ನನ್ನ ಮಗನಿಗೆ ಹುಚ್ಚಾ?’ ಎಂದು ಅತ್ತಿಗೆ ಊಟ ಬಿಟ್ಟು ಕೂತಿದ್ದಾರೆ. ನಿಮ್ಹಾನ್ಸ್ ಮನಸ್ಸಿನ ಕಾಯಿಲೆಯ ಆಸ್ಪತ್ರೆಯೋ, ನರದ ಕಾಯಿಲೆಯ ಆಸ್ಪತ್ರೆಯೋ? ಅದು ಸಂಶೋಧನಾ ಸಂಸ್ಥೆ ಎಂದೂ ಹೇಳುತ್ತಾರೆ. ಹಾಗಾದರೆ ಮಗುವಿನ ಮೇಲೆ ಪ್ರಯೋಗ ಮಾಡುತ್ತಾರೆಯೇ? ದಯವಿಟ್ಟು ತಿಳಿಸಿ.

ಉತ್ತರ: ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ನಿಮ್ಮ ಮನೆಯಲ್ಲಿ ಎದ್ದಿರುವ ಈ ಪ್ರಶ್ನೆ ರಾಜ್ಯದ ಎಷ್ಟೋ ಮನೆಗಳಲ್ಲಿ ಏಳುತ್ತದೆ. ಯಾರನ್ನು ಕೇಳಬೇಕೆಂದು ತಿಳಿಯದೆ, ಕೇಳಲು ಸಂಕೋಚಪಟ್ಟು, ಡಾಕ್ಟರು ಕೊಟ್ಟ ಚೀಟಿಯನ್ನು ದೇವರ ಗೂಡಿನಲ್ಲಿಟ್ಟು ತಿಂಗಳುಗಟ್ಟಲೆ ಸುಮ್ಮನಿರುವವರೂ ಇದ್ದಾರೆ. ನೀವು ಹಾಗೆ ಮಾಡಲಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಮೂರು ಅನುಮಾನಗಳಿವೆ. ಹುಡುಗನಿಗೆ ಬಂದಿರುವುದು ಮನಸ್ಸಿನ ಕಾಯಿಲೆಯೇ? ನಿಮ್ಹಾನ್ಸ್ ಎಂಥ ಜಾಗ? ಅಲ್ಲಿ ನಡೆಯುವ ಸಂಶೋಧನೆ ಎಂದರೆ ಏನು? ಒಂದೊಂದಾಗಿ ನೋಡೋಣ.

ಮೊದಲು ನಿಮ್ಮ ಅತ್ತಿಗೆಯವರಿಗೆ ಹೇಳಬೇಕಾದ ಮಾತು: ಫಿಟ್ಸ್ ಹುಚ್ಚಲ್ಲ. ಅದು ಮೆದುಳಿನ ತೊಂದರೆ. ನಮ್ಮ ಮೆದುಳಿನ ಕೋಟ್ಯಂತರ ನರಕೋಶಗಳು ಬಹಳ ಸಣ್ಣ ಪ್ರಮಾಣದ ವಿದ್ಯುತ್ ಸಂಕೇತಗಳ ಮೂಲಕ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಯಾವುದೋ ಕಾರಣಕ್ಕೆ ಒಂದಷ್ಟು ಕೋಶಗಳು ಅಳತೆ ಮೀರಿ ಒಟ್ಟಿಗೇ ಕೆರಳಿದರೆ ಆ ಹೊತ್ತಿಗೆ ಫಿಟ್ಸ್ ಬರುತ್ತದೆ. ಕೆರಳಿಕೆ ಮೆದುಳಿನ ಒಂದು ಭಾಗದಲ್ಲೇ ನಿಂತರೆ ನೀವು ಕಂಡ ಹಾಗೆ ದಿಟ್ಟಿಸುವುದು, ಬಾಯಿ ಚಪ್ಪರಿಸುವುದು, ಮಾತಿಗೆ ಉತ್ತರ ಕೊಡದಿರುವುದು ಆಗಬಹುದು. ಮೆದುಳಿಗೆಲ್ಲ ಹಬ್ಬಿದರೆ ಪ್ರಜ್ಞೆ ತಪ್ಪಿ ಕೈಕಾಲು ಸೆಟೆಯುತ್ತವೆ. ಹೀಗೆ ಮತ್ತೆ ಮತ್ತೆ ಆಗುವುದನ್ನು ಮೂರ್ಛೆರೋಗ ಅಥವಾ ಅಪಸ್ಮಾರ ಎನ್ನುತ್ತಾರೆ. ಹುಡುಗನ ಬುದ್ಧಿಗೂ ನಡತೆಗೂ ಇದು ಕಳಂಕವಲ್ಲ. ಗಾಳಿಯೂ ಅಲ್ಲ, ದೃಷ್ಟಿಯೂ ಅಲ್ಲ.

ಹಾಗಾದರೆ ಮನಸ್ಸಿನ ಆಸ್ಪತ್ರೆಗೆ ಏಕೆ ಕಳಿಸಿದರು ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ಆ ಜಾಗದ ಚರಿತ್ರೆಯಲ್ಲಿದೆ. ಮೈಸೂರು ಸೀಮೆ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿದ್ದಾಗ, 1847ರಲ್ಲಿ, ಬೆಂಗಳೂರಿನಲ್ಲಿ ಮಾನಸಿಕ ರೋಗಿಗಳಿಗಾಗಿ ಒಂದು ಆಶ್ರಯಾಲಯ ಶುರುವಾಯಿತು. ಆಗಿನ ಕಾಲಕ್ಕೆ ಅಂಥವರನ್ನು ಒಂದೆಡೆ ಇಟ್ಟು ನೋಡಿಕೊಳ್ಳುವುದೇ ದೊಡ್ಡ ಕೆಲಸವಾಗಿತ್ತು. ಕೊಡಲು ಮದ್ದೇ ಇರಲಿಲ್ಲ. 1925ರಲ್ಲಿ ಅದಕ್ಕೆ ಮಾನಸಿಕ ಆಸ್ಪತ್ರೆ ಎಂಬ ಹೆಸರು ಬಂತು. 1930ರ ದಶಕದಲ್ಲಿ ಈಗಿನ ಲಕ್ಕಸಂದ್ರದ ವಿಶಾಲ ಜಾಗಕ್ಕೆ ಬಂದಿತು. ನಮ್ಮ ಹಿರಿಯರ ಬಾಯಲ್ಲಿ ಉಳಿದಿರುವುದು ಈ ಆಸ್ಪತ್ರೆಯೇ. ನಿಮ್ಮ ಅತ್ತಿಗೆಯವರ ಭಯದ ಮೂಲವೂ ಅಲ್ಲೇ ಇದೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಸ್ವಾತಂತ್ರ್ಯಕ್ಕೆ ಸ್ವಲ್ಪ ಮುಂಚೆ, 1946ರಲ್ಲಿ, ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕೆಂದು ವರದಿ ಕೊಟ್ಟ ಭೋರ್ ಸಮಿತಿ, ಮನೋವೈದ್ಯರನ್ನು ತರಬೇತುಗೊಳಿಸುವ ಸಂಸ್ಥೆ ನಮ್ಮಲ್ಲೇ ಬೇಕೆಂದು ಹೇಳಿತು. ಅದರಂತೆ 1954ರಲ್ಲಿ ಇದೇ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಹುಟ್ಟಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. ಅಲ್ಲಿ ಮನೋವೈದ್ಯರ ಜೊತೆಗೆ ನರರೋಗ ತಜ್ಞರೂ ನರಶಸ್ತ್ರಚಿಕಿತ್ಸಕರೂ ಮನಶ್ಶಾಸ್ತ್ರಜ್ಞರೂ ಸೇರತೊಡಗಿದರು. ರಾಜ್ಯದ ಆಸ್ಪತ್ರೆ, ಕೇಂದ್ರದ ಸಂಸ್ಥೆ ಎರಡೂ 1974ರ ಡಿಸೆಂಬರ್ 27ರಂದು ಒಂದಾದವು. ಹೀಗೆ ಆದದ್ದೇ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಮ್ಮ ನಿಮ್ಹಾನ್ಸ್. ನರಶಸ್ತ್ರಚಿಕಿತ್ಸಕರಾಗಿದ್ದ ಡಾ. ಆರ್.ಎಂ. ವರ್ಮ ಅದರ ಮೊದಲ ನಿರ್ದೇಶಕರಾದರು. 2012ರಲ್ಲಿ ಸಂಸತ್ತು ಕಾಯ್ದೆ ಮಾಡಿ ಅದನ್ನು ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಯೆಂದು ಘೋಷಿಸಿತು.

ಆದ್ದರಿಂದ ಮನಸ್ಸಿನ ಆಸ್ಪತ್ರೆಯೋ ನರದ ಆಸ್ಪತ್ರೆಯೋ ಎಂಬ ನಿಮ್ಮ ಪ್ರಶ್ನೆಗೆ ಉತ್ತರ, ಎರಡೂ ಹೌದು. ಲಕ್ವ ಹೊಡೆದವರು, ತಲೆಗೆ ಪೆಟ್ಟುಬಿದ್ದು ಆಂಬ್ಯುಲೆನ್ಸ್‌ನಲ್ಲಿ ಬಂದವರು, ಮೆದುಳಿನಲ್ಲಿ ಗೆಡ್ಡೆ ಬೆಳೆದವರು, ಕೈ ನಡುಗುವ ಪಾರ್ಕಿನ್ಸನ್ ರೋಗಿಗಳು, ಮಿದುಳು ಜ್ವರದ ಮಕ್ಕಳು, ಕುಡಿತ ಬಿಡಬೇಕೆಂದು ಬಂದವರು, ಖಿನ್ನತೆಯವರು, ಸ್ಕಿಜೋಫ್ರೇನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇರುವವರು ಎಲ್ಲರೂ ಅಲ್ಲಿಗೇ ಬರುತ್ತಾರೆ. ನಿಮ್ಮ ಹುಡುಗ ಹೋಗಬೇಕಾದದ್ದು ನರರೋಗ ವಿಭಾಗಕ್ಕೆ.

ಎರಡನ್ನೂ ಒಂದೇ ಆವರಣದಲ್ಲಿ ಇಟ್ಟದ್ದು ಜಾಗದ ಅನುಕೂಲಕ್ಕಾಗಿ ಮಾತ್ರವಲ್ಲ. ಮನಸ್ಸಿನ ಕಾಯಿಲೆ ಎಲ್ಲಿ ಮುಗಿಯುತ್ತದೆ, ಮೆದುಳಿನ ಕಾಯಿಲೆ ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯುವುದು ವೈದ್ಯರಿಗೇ ಕಷ್ಟ. ಮರೆವಿನ ಕಾಯಿಲೆಗೆ ಹೆಸರು ಕೊಟ್ಟ ಜರ್ಮನಿಯ ಅಲೋಯಿಸ್ ಆಲ್ಝೈಮರ್ ಮನೋವೈದ್ಯರೇ. ವಿಚಿತ್ರವಾಗಿ ವರ್ತಿಸುತ್ತಿದ್ದ ತಮ್ಮ ರೋಗಿಯೊಬ್ಬರು ತೀರಿಕೊಂಡ ಮೇಲೆ ಅವರ ಮೆದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಅಲ್ಲಿದ್ದ ಗಂಟುಗಳನ್ನೂ ಕಲೆಗಳನ್ನೂ 1906ರಲ್ಲಿ ವಿವರಿಸಿದರು. ಹುಚ್ಚೆಂದು ಕರೆಯಬಹುದಾಗಿದ್ದದ್ದು ಮೆದುಳಿನ ರೋಗವೆಂದು ತಿಳಿದದ್ದು ಹೀಗೆ.

ನಿಮ್ಹಾನ್ಸ್‌ನಲ್ಲೇ ಆಗಾಗ ಕಾಣುವ ಇನ್ನೊಂದು ಉದಾಹರಣೆ ಹೇಳುತ್ತೇನೆ, ಅದು ನನಗೆ ಬಹಳ ಮುಖ್ಯವೆನಿಸುತ್ತದೆ. ಚೆನ್ನಾಗಿ ಓದುತ್ತಿದ್ದ ಹುಡುಗ ಅಥವಾ ಹುಡುಗಿ ಹೈಸ್ಕೂಲಿನಲ್ಲಿ ಇದ್ದಕ್ಕಿದ್ದಂತೆ ಹಿಂದೆ ಬೀಳುತ್ತಾರೆ. ಸಿಡಿಮಿಡಿ, ಕಾರಣವಿಲ್ಲದ ನಗು ಅಥವಾ ಅಳು. ಬರಹ ಕೆಡುತ್ತದೆ, ಮಾತು ತೊದಲುತ್ತದೆ, ಬಾಯಲ್ಲಿ ಜೊಲ್ಲು. ಮನೆಯವರು ‘ಸೋಮಾರಿತನ’ ಎನ್ನುತ್ತಾರೆ, ಮೇಷ್ಟರು ‘ಮನಸ್ಸು ಎಲ್ಲೋ ಇದೆ’ ಎನ್ನುತ್ತಾರೆ. ಕಣ್ಣಿನ ವೈದ್ಯರು ದೀಪ ಹಿಡಿದು ಉಪಕರಣದಲ್ಲಿ ನೋಡಿದಾಗ ಕರಿಗುಡ್ಡೆಯ ಅಂಚಿನಲ್ಲಿ ಕಂದುಬಣ್ಣದ ಒಂದು ಉಂಗುರ ಕಾಣುತ್ತದೆ. ಅದು ತಾಮ್ರ. ಹುಟ್ಟಿನಿಂದ ಬಂದ ದೋಷದಿಂದ, ತಿಂದ ಆಹಾರದಲ್ಲಿರುವ ತಾಮ್ರವನ್ನು ಹೊರಹಾಕಲಾಗದೆ ಅದು ಯಕೃತ್ತಿನಲ್ಲೂ ಮೆದುಳಿನಲ್ಲೂ ಸೇರಿಕೊಂಡಿರುತ್ತದೆ. ಇದಕ್ಕೆ ವಿಲ್ಸನ್ ಕಾಯಿಲೆ ಎಂದು ಹೆಸರು. ಬೇಗ ಗೊತ್ತಾದರೆ ತಾಮ್ರವನ್ನು ಹೊರಗೆಳೆಯುವ ಮದ್ದು ಮತ್ತು ಸತುವಿನ ಮಾತ್ರೆಗಳಿಂದ ಮಗು ಶಾಲೆಗೆ ಮರಳಬಹುದು. ತಡವಾದರೆ ಕೈಕಾಲು ಬಿಗಿದು ಹಾಸಿಗೆ ಹಿಡಿಯಬಹುದು. ಈ ಕಾಯಿಲೆಯ ನೂರಾರು ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿ ನಿಮ್ಹಾನ್ಸ್ ವೈದ್ಯರು ಪ್ರಕಟಿಸಿರುವ ದಾಖಲೆ ಜಗತ್ತಿನ ದೊಡ್ಡ ದಾಖಲೆಗಳಲ್ಲಿ ಒಂದು. ಮನೋವೈದ್ಯರ ಕೊಠಡಿಗೆ ಬಂದ ಮಗುವನ್ನು ಪಕ್ಕದ ಕಟ್ಟಡದ ನರರೋಗ ತಜ್ಞರು ಅದೇ ದಿನ ನೋಡುವಂತಿದ್ದರೆ ಎಷ್ಟು ಅನುಕೂಲ, ಯೋಚಿಸಿ.

ಈಗ ನಿಮ್ಮ ಹುಡುಗನ ವಿಷಯ. ಚೀಟಿ ಬರೆದ ಡಾಕ್ಟರು ಸರಿಯಾಗಿಯೇ ಊಹಿಸಿರಬೇಕು. ನೀವು ಬರೆದಿರುವ ಲಕ್ಷಣಗಳು ‘ಬಿಸಿನೀರಿನ ಫಿಟ್ಸ್’ ಎಂದು ಕರೆಯುವ ತೊಂದರೆಯನ್ನು ಹೋಲುತ್ತವೆ. ಖಚಿತವಾಗಿ ಹೇಳಬೇಕಾದವರು ಹುಡುಗನನ್ನು ಕಣ್ಣಾರೆ ನೋಡುವ ವೈದ್ಯರೇ. ಆದರೆ ಈ ತೊಂದರೆಯ ಕಥೆ ನಿಮ್ಮ ಮೂರನೆಯ ಪ್ರಶ್ನೆಗೂ ಉತ್ತರ ಕೊಡುವುದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ತಲೆಯ ಮೇಲೆ ಬಿಸಿನೀರು ಬಿದ್ದಾಗ ಫಿಟ್ಸ್ ಬರುವುದು 1945ರಲ್ಲಿ ನ್ಯೂಜಿಲೆಂಡಿನಿಂದ ವರದಿಯಾಗಿತ್ತು. ಜಪಾನ್, ಟರ್ಕಿ ದೇಶಗಳಲ್ಲೂ ಆಮೇಲೆ ಕಂಡುಬಂತು. ಎಲ್ಲ ಕಡೆಯೂ ಅಪರೂಪವೇ. ದಕ್ಷಿಣ ಕರ್ನಾಟಕದಲ್ಲಿ ಮಾತ್ರ ಅಪರೂಪವಲ್ಲ. ಬೆಂಗಳೂರಿನಲ್ಲಿ ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಅವರ ಸಹೋದ್ಯೋಗಿಗಳು 1968ರಲ್ಲೇ ಇದರ ಬಗ್ಗೆ ಬರೆದರು. 1988ರಲ್ಲಿ, ಮುಂದೆ ನಿಮ್ಹಾನ್ಸ್ ನಿರ್ದೇಶಕರಾದ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು ಇಂಥ 279 ಜನರ ವಿವರಗಳನ್ನು ಪ್ರಕಟಿಸಿದರು.

ಇದೆಲ್ಲ ಹೇಗೆ ಶುರುವಾಯಿತು? ಯಂತ್ರದಿಂದಲ್ಲ, ತಾಯಂದಿರ ಮಾತಿನಿಂದ. ಫಿಟ್ಸ್ ಯಾವಾಗ ಬಂತು ಎಂದು ಕೇಳಿದರೆ ‘ಸ್ನಾನದ ಹೊತ್ತಲ್ಲೇ ಸ್ವಾಮಿ, ತಲೆಗೆ ನೀರು ಹೊಯ್ದರೆ ಮಾತ್ರ’ ಎಂಬ ಉತ್ತರ ಮತ್ತೆ ಮತ್ತೆ ಬರುತ್ತಿತ್ತು. ವೈದ್ಯರು ಅದನ್ನು ತಳ್ಳಿಹಾಕದೆ ಬರೆದುಕೊಂಡರು. ಮುಂದಿನ ಪ್ರಶ್ನೆ, ಹೇಗೆ ಸ್ನಾನ ಮಾಡಿಸುತ್ತೀರಿ? ನಮ್ಮ ಕಡೆ ಹಂಡೆಯಲ್ಲಿ ನೀರು ಕಾಯಿಸಿ, ಹೊಗೆಯಾಡುವ ಹಾಗಿರುವ ನೀರನ್ನು ಚೊಂಬಿನಲ್ಲಿ ಮೊಗೆದು ತಲೆಯ ಮೇಲೆ ಒಂದರ ಹಿಂದೊಂದರಂತೆ ಸುರಿಯುವುದು ವಾಡಿಕೆ. ಎಣ್ಣೆ ಹಚ್ಚಿದ ದಿನವಂತೂ ಇನ್ನೂ ಬಿಸಿ. ಅಳೆದು ನೋಡಿದರೆ ಆ ನೀರು 40ರಿಂದ 50 ಡಿಗ್ರಿ ಸೆಲ್ಸಿಯಸ್ ಇರುತ್ತಿತ್ತು. ನಮ್ಮ ದೇಹದ ಶಾಖ 37 ಡಿಗ್ರಿ. ಮೈಗೆ ಅದೇ ನೀರು ಬಿದ್ದರೆ ಇವರಲ್ಲಿ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ತಲೆಯ ಮೇಲೆ ಬೇಗ ಬೇಗ ಸುರಿದರೆ ಫಿಟ್ಸ್.

ಹಾಗಾದರೆ ಅದೇ ಹಂಡೆಯ ನೀರಲ್ಲಿ ಮಿಂದ ಅಣ್ಣನಿಗೆ ಬಾರದ್ದು ತಮ್ಮನಿಗೆ ಏಕೆ ಬರುತ್ತದೆ? ಸಂಶೋಧನೆಯ ಎರಡನೆಯ ಮೆಟ್ಟಿಲು ಇದು. ಪ್ರಯೋಗಾಲಯದಲ್ಲಿ ಇಲಿಗಳ ತಲೆಯ ಮೇಲೆ ಬಿಸಿನೀರು ಬಿಟ್ಟು ಅವುಗಳ ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸಿದರು. ಶಾಖ ಏರುವುದನ್ನು ಸಂಭಾಳಿಸಿಕೊಳ್ಳುವ ಮೆದುಳಿನ ವ್ಯವಸ್ಥೆ ಕೆಲವರಲ್ಲಿ ಹುಟ್ಟಿನಿಂದಲೇ ದುರ್ಬಲವಾಗಿರಬೇಕು ಎಂಬ ಊಹೆಗೆ ಬಂದರು. ಕೆಲವು ಕುಟುಂಬಗಳಲ್ಲಿ ಅಜ್ಜ, ಚಿಕ್ಕಪ್ಪ, ಮೊಮ್ಮಗ ಎಲ್ಲರಿಗೂ ಇದೇ ತೊಂದರೆ ಇದ್ದದ್ದು ಕಂಡಾಗ, ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ವಿಜ್ಞಾನಿಗಳ ಜೊತೆ ಸೇರಿ ಆ ಮನೆತನಗಳವರ ರಕ್ತದ ಮಾದರಿಯಲ್ಲಿ ವಂಶವಾಹಿಗಳನ್ನು ಹುಡುಕಿದರು. ನಿಮ್ಮ ಅಣ್ಣನ ಮನೆಯಲ್ಲಾಗಲಿ ಅತ್ತಿಗೆಯವರ ತವರಿನಲ್ಲಾಗಲಿ ಹಿಂದೆ ಯಾರಿಗಾದರೂ ಹೀಗೆ ಆಗಿತ್ತೇ ಎಂದು ಡಾಕ್ಟರು ಕೇಳುತ್ತಾರೆ. ಮುಚ್ಚಿಡದೆ ಹೇಳಿ. ಯಾರ ಕಡೆಯಿಂದ ಬಂತು ಎಂದು ಜಗಳಕ್ಕೆ ಬಳಸಬೇಡಿ, ಅಷ್ಟೇ.

ಈ ಸಂಶೋಧನೆಯ ಫಲ ನಿಮಗೆ ಸಿಗುವುದು ಬಹಳ ಸರಳ ರೂಪದಲ್ಲಿ. ನೀರಿನ ಬಿಸಿ ಇಳಿಸಿ, ಉಗುರುಬೆಚ್ಚಗೆ ಮಾಡಿ. ತಲೆಗೆ ಸುರಿಯುವ ಬದಲು ನಿಧಾನವಾಗಿ ಒದ್ದೆ ಮಾಡಿ. ಎಷ್ಟೋ ಮಕ್ಕಳಿಗೆ ಇಷ್ಟರಿಂದಲೇ ಫಿಟ್ಸ್ ನಿಲ್ಲುತ್ತದೆ. ಸಾಲದಿದ್ದರೆ ತಲೆಸ್ನಾನಕ್ಕೆ ಮುಂಚೆ ಮಾತ್ರ ತೆಗೆದುಕೊಳ್ಳುವ ಮಾತ್ರೆಯನ್ನು ವೈದ್ಯರು ಕೊಡಬಹುದು. ಸ್ನಾನವಿಲ್ಲದ ಹೊತ್ತಿನಲ್ಲೂ ಫಿಟ್ಸ್ ಬರುವ ಕೆಲವರಿಗೆ ದಿನವೂ ಔಷಧಿ ಬೇಕಾಗುತ್ತದೆ. ಯಾವುದು ಬೇಕು ಎಂಬುದನ್ನು ಅವರೇ ತೀರ್ಮಾನಿಸಲಿ. ಅಂಗಡಿಯಿಂದ ಮಾತ್ರೆ ತಂದು ನುಂಗಿಸಬೇಡಿ, ಕೊಟ್ಟ ಮಾತ್ರೆಯನ್ನು ವಾಸಿಯಾಯಿತೆಂದು ನೀವಾಗಿ ನಿಲ್ಲಿಸಲೂ ಬೇಡಿ.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು, ಅದು ಸಹಜವಾದ ಗೊಂದಲ. ಸಂಶೋಧನಾ ಸಂಸ್ಥೆ ಎಂದ ಕೂಡಲೇ ಬಂದವರೆಲ್ಲರ ಮೇಲೂ ಹೊಸ ಮದ್ದು ಪ್ರಯೋಗಿಸುತ್ತಾರೆ ಎಂದು ಅನೇಕರು ಭಾವಿಸುತ್ತಾರೆ. ಹಾಗಲ್ಲ. ಹುಡುಗನಿಗೆ ಅಲ್ಲಿ ಸಿಗುವುದು ಚಿಕಿತ್ಸೆ, ಬೇರೆ ಆಸ್ಪತ್ರೆಯಲ್ಲಿ ಸಿಗುವಂಥದ್ದೇ, ಪರೀಕ್ಷೆಯಾಗಿ ಗೊತ್ತಾದ ಮದ್ದುಗಳಿಂದಲೇ. ಸಂಶೋಧನೆಗೆ ಬೇರೆ ದಾರಿಯಿದೆ. ವೈದ್ಯರು ಏನನ್ನು ಅಧ್ಯಯನ ಮಾಡಬೇಕೆಂದಿದ್ದಾರೋ ಅದನ್ನು ಮೊದಲು ಸಂಸ್ಥೆಯ ನೈತಿಕ ಸಮಿತಿಯ ಮುಂದೆ ಇಟ್ಟು ಒಪ್ಪಿಗೆ ಪಡೆಯಬೇಕು. ಆ ಸಮಿತಿಯಲ್ಲಿ ವೈದ್ಯರಲ್ಲದವರೂ ಇರುತ್ತಾರೆ. ಆಮೇಲೆ ನಿಮಗೆ ಅರ್ಥವಾಗುವ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿ, ಏನು ಮಾಡುತ್ತೇವೆ, ಏಕೆ, ಅದರಿಂದ ಏನು ತೊಂದರೆಯಾಗಬಹುದು ಎಂದು ಬರೆದ ಹಾಳೆಯನ್ನು ಕೊಟ್ಟು ವಿವರಿಸಬೇಕು. ಮಗುವಾದರೆ ತಂದೆ ತಾಯಿಯ ಸಹಿ ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ 2017ರ ಮಾರ್ಗಸೂಚಿಯಂತೆ ನಿಮ್ಮ ಹುಡುಗನ ವಯಸ್ಸಿನ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು. ಬೇಡವೆಂದರೆ ಬೇಡ. ಒಪ್ಪಿಕೊಂಡ ಮೇಲೆ ನಡುವೆ ಹಿಂದೆ ಸರಿಯಬಹುದು, ಚಿಕಿತ್ಸೆಗೆ ಅದರಿಂದ ಚ್ಯುತಿ ಬರುವಂತಿಲ್ಲ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರಲ್ಲೂ ರೋಗಿಯ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಸಂಶೋಧನೆ ನಡೆಸಬಾರದೆಂಬ ವಿಧಿಯಿದೆ. ಹಾಳೆ ಕೈಗೆ ಕೊಟ್ಟರೆ ಗಾಬರಿಯಾಗಬೇಡಿ, ಅವಸರದಲ್ಲಿ ಸಹಿಯನ್ನೂ ಹಾಕಬೇಡಿ. ಓದಿಸಿ ಕೇಳಿ, ಅನುಮಾನವಿದ್ದರೆ ಪ್ರಶ್ನಿಸಿ. ಅದು ನಿಮ್ಮ ಹಕ್ಕು.

ಫಿಟ್ಸ್ ಬಂದವರಿಗೆ ಮಾಡುವ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಸಂಕೇತಗಳನ್ನು ದಾಖಲಿಸುವ ಪರೀಕ್ಷೆಯ ಬಗ್ಗೆಯೂ ಒಂದು ಮಾತು. ‘ತಲೆಗೆ ಕರೆಂಟು ಕೊಡುತ್ತಾರಂತೆ’ ಎಂಬ ಸುದ್ದಿ ನಿಮ್ಮ ಊರಿಗೂ ತಲುಪಿರಬಹುದು. ಇಇಜಿಯಲ್ಲಿ ತಲೆಯೊಳಗೆ ಏನನ್ನೂ ಬಿಡುವುದಿಲ್ಲ. ನೆತ್ತಿಯ ಮೇಲೆ ಅಲ್ಲಲ್ಲಿ ಅಂಟಿನಂಥ ಪದಾರ್ಥ ಹಚ್ಚಿ ಸಣ್ಣ ತಂತಿಗಳನ್ನು ಕೂರಿಸುತ್ತಾರೆ. ಮೆದುಳಿನಿಂದ ಹೊರಬರುವ ಸಂಕೇತಗಳನ್ನು ಯಂತ್ರ ಗೆರೆಗಳಾಗಿ ಬರೆಯುತ್ತದೆ. ಹುಡುಗನಿಗೆ ಕಣ್ಣು ಮುಚ್ಚು, ತೆಗೆ, ಜೋರಾಗಿ ಉಸಿರಾಡು ಎನ್ನುತ್ತಾರೆ, ಮಿನುಗುವ ದೀಪ ತೋರಿಸುತ್ತಾರೆ. ನೋವಿಲ್ಲ. ಪರೀಕ್ಷೆಯ ದಿನ ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗಬಾರದು. ಹಿಂದಿನ ರಾತ್ರಿ ತಲೆ ತೊಳೆದು ಒಣಗಿಸಿರಬೇಕು, ನೀರು ಉಗುರುಬೆಚ್ಚಗೆ ಇರಲಿ.

ಹುಡುಗನ ವಿಷಯ ಇಷ್ಟಾಯಿತು. ಸಂಸ್ಥೆ ಇನ್ನೂ ಏನು ಮಾಡುತ್ತದೆ ಎಂಬ ಕುತೂಹಲವೂ ನಿಮಗಿರಬಹುದು. ಅದಕ್ಕೆ ಉತ್ತರಿಸದೆ ಬಿಡಲು ಮನಸ್ಸಾಗದು.

ನಿಮ್ಹಾನ್ಸ್‌ನಲ್ಲಿ ಮೆದುಳಿನ ಬ್ಯಾಂಕ್ ಇದೆ. ರೋಗಶಾಸ್ತ್ರಜ್ಞ ಡಾ. ಎಸ್.ಕೆ. ಶಂಕರ್ ಅವರ ಶ್ರಮದಿಂದ 1995ರಲ್ಲಿ ಇದು ವ್ಯವಸ್ಥಿತ ರೂಪ ಪಡೆಯಿತು. ತೀರಿಕೊಂಡವರ ಮೆದುಳನ್ನು ಮನೆಯವರ ಒಪ್ಪಿಗೆಯಿಂದ ಪಡೆದು, ಒಂದು ಭಾಗವನ್ನು ಫಾರ್ಮಲಿನ್‌ನಲ್ಲೂ ಇನ್ನೊಂದು ಭಾಗವನ್ನು ಸೊನ್ನೆಗಿಂತ 80 ಡಿಗ್ರಿ ಕೆಳಗಿನ ಶೈತ್ಯದಲ್ಲೂ ಕಾಪಾಡುತ್ತಾರೆ. ದೇಶದ ಸಂಶೋಧಕರು ಕೇಳಿದಾಗ ಅದರ ಸಣ್ಣ ತುಣುಕುಗಳನ್ನು ಕೊಡುತ್ತಾರೆ. ರಕ್ತವನ್ನು ಬದುಕಿರುವಾಗಲೇ ತೆಗೆದು ನೋಡಬಹುದು, ಮೆದುಳನ್ನು ಹಾಗೆ ತೆಗೆಯಲಾಗುವುದಿಲ್ಲವಲ್ಲ. ಪಾರ್ಕಿನ್ಸನ್ ರೋಗಿಯ ನಡುಮೆದುಳನ್ನು ಅಡ್ಡಲಾಗಿ ಕತ್ತರಿಸಿದರೆ, ಕಪ್ಪಗೆ ಪಟ್ಟಿಯಂತೆ ಕಾಣಬೇಕಾದ ಭಾಗ ಬಿಳಿಚಿಕೊಂಡಿರುವುದು ಬರಿಗಣ್ಣಿಗೇ ಕಾಣುತ್ತದೆ. ಆ ಕಪ್ಪು ಕೋಶಗಳು ಸತ್ತಿರುವುದೇ ಕೈ ನಡುಗಲು, ನಡಿಗೆ ನಿಧಾನವಾಗಲು ಕಾರಣ. ದಾನ ಮಾಡಿದ ಕುಟುಂಬಗಳಿಲ್ಲದಿದ್ದರೆ ಈ ತಿಳಿವಳಿಕೆ ಪುಸ್ತಕದಲ್ಲೇ ಉಳಿಯುತ್ತಿತ್ತು.

ಅಲ್ಲೇ ಮೆದುಳಿನ ವಸ್ತುಸಂಗ್ರಹಾಲಯವೂ ಇದೆ, ಸಾರ್ವಜನಿಕರು ನೋಡಬಹುದು. ಗಾಜಿನ ಜಾಡಿಗಳಲ್ಲಿ ರಕ್ತಸ್ರಾವವಾದ ಮೆದುಳು, ಗೆಡ್ಡೆ ಬೆಳೆದ ಮೆದುಳು, ಲಾಡಿಹುಳುವಿನ ಮರಿಗಳು ಗೂಡುಕಟ್ಟಿದ ಮೆದುಳು ಸಾಲಾಗಿವೆ. ಕೈಗವಸು ಹಾಕಿಕೊಂಡು ನಿಜವಾದ ಮಾನವ ಮೆದುಳನ್ನು ಕೈಯಲ್ಲಿ ಹಿಡಿದು ನೋಡಲೂ ಬಿಡುತ್ತಾರೆ. ಸುಮಾರು 1.3 ಕಿಲೋ ತೂಕ, ಫಾರ್ಮಲಿನ್‌ನಲ್ಲಿ ಗಟ್ಟಿಯಾಗಿರುತ್ತದೆ. ಹೆಲ್ಮೆಟ್ ಹಾಕದೆ ಬೈಕ್ ಓಡಿಸುವ ಹುಡುಗರನ್ನು ಒಮ್ಮೆ ಇಲ್ಲಿಗೆ ಕರೆತರಬೇಕೆಂದು ನಾನು ಹೇಳುತ್ತಲೇ ಇರುತ್ತೇನೆ.

ಮನಸ್ಸಿನ ಕಾಯಿಲೆಗಳ ಸಂಶೋಧನೆ ಇದಕ್ಕಿಂತ ಕಷ್ಟದ ದಾರಿ. ಸ್ಕಿಜೋಫ್ರೇನಿಯಾ ಇದ್ದವರ ಮೆದುಳನ್ನು ಕತ್ತರಿಸಿ ನೋಡಿದರೆ ಪಾರ್ಕಿನ್ಸನ್‌ನಲ್ಲಿ ಕಂಡ ಹಾಗೆ ಕಣ್ಣಿಗೆ ಹೊಡೆಯುವ ಬದಲಾವಣೆ ಕಾಣುವುದಿಲ್ಲ. ಆದ್ದರಿಂದ ಸಂಶೋಧಕರು ಬೇರೆ ಬೇರೆ ಕಡೆಯಿಂದ ಹತ್ತಿರವಾಗಬೇಕಾಗುತ್ತದೆ: ರೋಗಿಯ ಜೊತೆ ಗಂಟೆಗಟ್ಟಲೆ ಮಾತು, ಮನೆಯವರ ಹೇಳಿಕೆ, ಎಂಆರ್‌ಐ, ನೆನಪು ಮತ್ತು ಗಮನದ ಪರೀಕ್ಷೆಗಳು, ವಂಶವಾಹಿಗಳು. 2016ರಿಂದ ನಿಮ್ಹಾನ್ಸ್ ಮತ್ತು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಸೇರಿ ನಡೆಸುತ್ತಿರುವ ಕೆಲಸವೊಂದರಲ್ಲಿ, ಒಂದಕ್ಕಿಂತ ಹೆಚ್ಚು ಜನರಿಗೆ ತೀವ್ರ ಮಾನಸಿಕ ಕಾಯಿಲೆ ಇರುವ ಕುಟುಂಬಗಳವರಿಂದ ರಕ್ತ ಪಡೆದು, ಅದರ ಕೋಶಗಳನ್ನು ಮೊದಲು ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶಗಳಾಗಿ, ಆಮೇಲೆ ನರಕೋಶಗಳಾಗಿ ಬೆಳೆಸಿ ಅಭ್ಯಾಸ ಮಾಡುತ್ತಾರೆ. ಬದುಕಿರುವವರ ನರಕೋಶಕ್ಕೆ ಸಮನಾದದ್ದನ್ನು ತಟ್ಟೆಯಲ್ಲಿ ನೋಡುವ ಈ ಉಪಾಯ ನಮ್ಮ ಕಾಲದ ದೊಡ್ಡ ಮುನ್ನಡೆ ಎಂಬುದು ನನ್ನ ಅಭಿಪ್ರಾಯ.

ಹುಚ್ಚುನಾಯಿ ಕಡಿತದಿಂದ ಬರುವ ರೇಬೀಸ್ ಕೂಡ ಮೆದುಳಿನ ಕಾಯಿಲೆಯೇ. ನಿಮ್ಹಾನ್ಸ್‌ನ ವೈರಾಣು ವಿಭಾಗ ರೇಬೀಸ್ ವಿಷಯದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರ.

ಸಂಸ್ಥೆಯ ಗೋಡೆಯ ಹೊರಗೆ ನಡೆದ ಕೆಲಸ ಇನ್ನೂ ದೊಡ್ಡದು ಎನ್ನುವವನು ನಾನು. 1970ರ ದಶಕದ ನಡುವಿನಲ್ಲೇ ಅಲ್ಲಿನ ಮನೋವೈದ್ಯರು ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ ಕೇಂದ್ರ ಮಾಡಿಕೊಂಡು ಹಳ್ಳಿಗಳಿಗೆ ಹೋದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಕಲಿಸಿದರೆ ಮಾನಸಿಕ ಕಾಯಿಲೆ, ಮೂರ್ಛೆರೋಗ ಎರಡಕ್ಕೂ ಊರ ಹತ್ತಿರವೇ ಚಿಕಿತ್ಸೆ ಕೊಡಬಹುದೇ ಎಂದು ನೋಡುವುದು ಅವರ ಉದ್ದೇಶ. ಆಗುತ್ತದೆ ಎಂದು ತಿಳಿದ ಮೇಲೆ 1985ರಿಂದ ಇಡೀ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನೇ ಮಾಡಿ ತೋರಿಸಿದರು. ದೇಶದಲ್ಲಿ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಈ ಬಳ್ಳಾರಿಯೇ. ಗಮನಿಸಿ, ಇದೂ ಸಂಶೋಧನೆ. ಸೂಕ್ಷ್ಮದರ್ಶಕವಿಲ್ಲ, ಇಲಿಯಿಲ್ಲ. ಯಾವ ವ್ಯವಸ್ಥೆ ಮಾಡಿದರೆ ಬಡ ರೋಗಿಗೆ ಮಾತ್ರೆ ಸಿಗುತ್ತದೆ ಎಂಬುದೇ ಪ್ರಶ್ನೆ.

2015–16ರಲ್ಲಿ ಸಂಸ್ಥೆ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ಶೇ. 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಹೆಚ್ಚಿನವರು ಚಿಕಿತ್ಸೆಯನ್ನೇ ಪಡೆದಿರಲಿಲ್ಲ. ಹತ್ತು ಜನರಲ್ಲಿ ಒಬ್ಬರು ಎಂದರೆ ನಿಮ್ಮ ಬೀದಿಯಲ್ಲೇ ಹಲವರು. ಅವರನ್ನು ಬೇರೆ ಜಾತಿಯ ಜೀವಿಗಳಂತೆ ನೋಡುವುದಕ್ಕೆ ಕಾರಣವೇ ಇಲ್ಲ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಗೂ ನಿಮ್ಹಾನ್ಸ್ ಪ್ರಧಾನ ಕೇಂದ್ರ. ಸಂಖ್ಯೆ 14416. ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡಬಹುದು, ಹಣ ಕೊಡಬೇಕಿಲ್ಲ. ನಿಮ್ಮ ಅತ್ತಿಗೆಯವರು ಊಟ ನಿದ್ದೆ ಬಿಟ್ಟು ಕೊರಗುತ್ತಿದ್ದರೆ ಅವರೂ ಈ ಸಂಖ್ಯೆಗೆ ಮಾತಾಡಲಿ. ಮಗುವಿನ ಕಾಯಿಲೆ ತಾಯಿಯ ಮನಸ್ಸನ್ನೂ ಹಣ್ಣು ಮಾಡುತ್ತದೆ.

ಇನ್ನು ಹೊರಡುವ ಮುಂಚೆ ಮಾಡಬೇಕಾದದ್ದು. ತಾಲ್ಲೂಕು ಆಸ್ಪತ್ರೆಯ ಚೀಟಿ, ಹಿಂದೆ ತೋರಿಸಿದ ಕಡೆಯ ಕಾಗದಗಳು, ಸ್ಕ್ಯಾನ್ ಮಾಡಿಸಿದ್ದರೆ ಅದರ ಫಿಲ್ಮು, ಆಧಾರ್ ಕಾರ್ಡ್, ಬಿಪಿಎಲ್ ಪಡಿತರ ಚೀಟಿ ಇದ್ದರೆ ಅದು, ಎಲ್ಲವನ್ನೂ ಒಂದೇ ಚೀಲದಲ್ಲಿಟ್ಟುಕೊಳ್ಳಿ. ಫಿಟ್ಸ್ ಬಂದದ್ದನ್ನು ಕಣ್ಣಾರೆ ಕಂಡವರೇ ಜೊತೆಗೆ ಹೋಗಬೇಕು. ಎಷ್ಟು ನಿಮಿಷ ಇತ್ತು, ಯಾವ ಕಡೆಗೆ ಕತ್ತು ತಿರುಗಿತು, ಆಮೇಲೆ ನಿದ್ದೆ ಹೋದನೇ ಎಂಬ ಮಾತು ಯಂತ್ರಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಮತ್ತೆ ಬಂದರೆ ಒಬ್ಬರು ಹುಡುಗನನ್ನು ನೋಡಿಕೊಳ್ಳಲಿ, ಇನ್ನೊಬ್ಬರು ಮೊಬೈಲ್‌ನಲ್ಲಿ ವಿಡಿಯೋ ತೆಗೆಯಲಿ. ಬಹಳ ಜನ ಸೇರುವ ಜಾಗ, ಬೆಳಿಗ್ಗೆ ಬೇಗ ತಲುಪಿ, ಇಡೀ ದಿನ ಹಿಡಿಯಬಹುದು. ಒಮ್ಮೆ ಚಿಕಿತ್ಸೆ ಗೊತ್ತುಮಾಡಿದ ಮೇಲೆ ಮುಂದಿನ ಭೇಟಿಗಳನ್ನು ಮಂಡ್ಯದ ಜಿಲ್ಲಾಸ್ಪತ್ರೆಯಲ್ಲೇ ಮಾಡಬಹುದೇ ಎಂದು ಅಲ್ಲಿಯೇ ಕೇಳಿ.

ಅಲ್ಲಿಯವರೆಗೆ ಹುಡುಗನಿಗೆ ತಲೆಗೆ ಬಿಸಿನೀರು ಬೇಡ. ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳುವುದು ಬೇಡ, ಒಬ್ಬನೇ ಕೆರೆ ಬಾವಿಗೆ ಇಳಿಯುವುದು ಬೇಡ. ಫಿಟ್ಸ್ ಬಂದರೆ ಪಕ್ಕಕ್ಕೆ ಮಲಗಿಸಿ, ಸುತ್ತ ಇರುವ ಗಡಸು ವಸ್ತು ಸರಿಸಿ, ಬಾಯಿಗೆ ಚಮಚವನ್ನಾಗಲಿ ನೀರನ್ನಾಗಲಿ ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದರಿಂದ, ಈರುಳ್ಳಿ ಮೂಸಿಸುವುದರಿಂದ ಏನೂ ಪ್ರಯೋಜನವಿಲ್ಲ. 5 ನಿಮಿಷಕ್ಕೂ ಮೀರಿ ನಿಲ್ಲದಿದ್ದರೆ ಹತ್ತಿರದ ಆಸ್ಪತ್ರೆಗೆ ಓಡಿ. ಮತ್ತು ಹುಡುಗನನ್ನು ಶಾಲೆ ಬಿಡಿಸಬೇಡಿ. ಅವನ ಮೇಷ್ಟರಿಗೆ ವಿಷಯ ತಿಳಿಸಿ, ಫಿಟ್ಸ್ ಬಂದಾಗ ಏನು ಮಾಡಬೇಕೆಂಬ ಈ ಸೂಚನೆಗಳನ್ನು ಒಂದು ಹಾಳೆಯಲ್ಲಿ ಬರೆದು ಅವರ ಕೈಗೂ ಕೊಡಿ.